ಬ್ಯಾಳಿ ಉಣ್ಣಲಾರದ ಸುಪರ್‌ವೈಸರ್

ಈ ಕೇಸಿನವ್ರ ಒಪ್ಪಿಗೆ ತಗೊಂಡೇ ಬರೀಲತ್ತೀನಿ, ಗುರುತು ಸಿಗೋವಂಥದ್ದೆಲ್ಲಾ ಬದಲಿ ಮಾಡೀನಿ. ನಲವತ್ತರ ಆಸುಪಾಸಿನ ಮನುಷ್ಯಾ, ಕಲಬುರಗಿ ಕಡೆ ಒಂದು ದಾಲ್ ಮಿಲ್‌ನ್ಯಾಗ ಸುಪರ್‌ವೈಸರ್, ಹದಿನಾರು ವರ್ಷ ಸರ್ವಿಸ್. ಎದಿ ಹಿಡ್ದಂಗ ಆಗ್ತದ, ನಿದ್ದಿ ಇಲ್ಲ, ಮಕ್ಕಳ ಮ್ಯಾಲೆ ಸುಮ್‌ಸುಮ್ನೆ ಹರಿಹಾಯ್ತೀನಿ ಅಂತ ಬಂದ್ರು. ಜಯದೇವ ಹೃದಯದ ದವಾಖಾನ್ಯಾಗ ಇಸಿಜಿ ಮಾಡಿಸ್ಕೊಂಡೇ ಬಂದಿದ್ರು, ಎಲ್ಲಾ ನಾರ್ಮಲ್. (ಎದಿ ನೋವಂದ್ರ ಮೊದ್ಲು ಅಲ್ಲಿಗೆ ಹೋಗ್ರಿ, ಆಮ್ಯಾಗ ಮನಸ್ಸಿನ ಸಲಹೆ ಕೊಡೋ ನಮ್ಮಂಥವ್ರ ಕಡೆ ಬರ್ರಿ.) ಜೋಡಿ ಬಂದಿದ್ದ ಹೆಂಡ್ತಿ ಹೊರಗ ಹೋಗೋವಾಗ ಒಂದ್ ಮಾತಂದ್ರು, "ಮೇಡಂ, ಇವ್ರು ಬ್ಯಾಳಿ ಉಣ್ಣೋದೇ ಬಿಟ್ಟಾರ್ರೀ, ಒಗ್ಗರಣಿ ವಾಸನಿ ಬಂದ್ರ ತಾಟ್ ಬಿಟ್ಟು ಎದ್ದು ಹೋಗ್ತಾರ."

ನಾ ಅದನ್ನ ಆವತ್ತು ಹಿಡೀಲಿಲ್ಲ. ಉಸಿರಾಟದ ಎಕ್ಸರ್‌ಸೈಜ್ ಹೇಳ್ಕೊಟ್ಟೆ, ಮಲಗೋ ಮುಂದ ಮೊಬೈಲ್ ಬ್ಯಾಡ ಅಂದೆ, ಪಾಪ ಎಲ್ಲಾ ಮಾಡಿದ್ರು, ಎರಡು ವಾರ ಬಿಟ್ಟು ಹಂಗೇ ಬಂದು ಕೂತ್ರು.

ಎರಡನೇ ಸಲ ಅಂಗಿ ಕಿಸೆದಾಗಿಂದ ನಾಕು ಮಡಚಿದ ಒಂದು ಪೇಪರ್ ತೆಗೆದ್ರು, ಮಡಿಕಿಯೊಳಗ ತೊಗರಿ ಧೂಳು ಕೂತಿತ್ತು. ಸಾವ್ಕಾರ್ರ ಮಗಾ ಎಂಬಿಎ ಓದಿ ಬಂದಾನ, ಬಂದವ್ನೇ ಕ್ವಿಂಟಲ್‌ಗೆ ಖರ್ಚು ಎಷ್ಟು ಅಂತ ಶೀಟ್ ಮಾಡ್ಯಾನ. ಬ್ಯಾಳಿ ಹಸನ ಮಾಡೋ ಹೆಣ್ಮಕ್ಕಳು 12 ಮಂದಿ ಇದ್ರು, 8 ಮಾಡು ಅಂದಾನ, ಕೆಲಸ ಅಷ್ಟೇ ಬರ್ಬೇಕು, ಖರ್ಚು ಇಳಿದ್ರ ಸುಪರ್‌ವೈಸರ್‌ಗೆ ಇನ್ಸೆಂಟಿವ್. ಯಾರನ್ನ ತೆಗೀಬೇಕು ಅಂತ ಹೆಸರು ಬರ್ದವ್ರು ಇವ್ರೇ. ಅದ್ರಾಗ ಒಬ್ಬಾಕಿ ಮುದುಕಿ, ಇವ್ರು ಕೆಲಸಕ್ಕ ಸೇರಿದಾಗಿಂದ ಇದ್ದಾಕಿ, ಗೇಟಿನ ಕಡೆ ನಿಂತು ಕೇಳಿದ್ಳಂತ, "ತಮ್ಮಾ, ಹಂಗಾರ ನಾಳಿ ಬರಲೇನು, ಬ್ಯಾಡೇನು?" ಆ ಮಾತು ದಿನಾ ನಸುಕಿನ ಮೂರಕ್ಕ ಕಿವ್ಯಾಗ ಬಂದು ಎಬ್ಬಸ್ತದಂತ. ಭಾಳ ಹೊತ್ತು ಸುಮ್ನ ಕೂತು ಆಮ್ಯಾಗ ಅಂದ್ರು, ಇನ್ಸೆಂಟಿವ್ 6000 ಬಂತ್ರೀ, ಮಗಳ ಪಿಯುಸಿ ಫೀಸಿಗೆ ಹೋಯ್ತು.

ಎದಿ ಹಿಡಿಲತ್ತಿದ್ದು ಎಲ್ಲಿ ಅಂತ ಆಗ ಗೊತ್ತಾಯ್ತು ನನಗ. ಖರೆ ಹೇಳ್ಬೇಕಂದ್ರ ಇದು ಈ ಮನುಷ್ಯಾನ ತಲ್ಯಾಗಿನ ರೋಗೇ ಅಲ್ಲ, ಲಾಭ ಮ್ಯಾಲೆ ಹೋಗ್ತದ, ಪಾಪ ಮಾತ್ರ ನಡುವಿದ್ದವ್ನ ಹೆಗಲ ಮ್ಯಾಲೆ ಕೂಡ್ತದ, ಮಗಾ ಆ ಮುದುಕಿ ಮುಖಾನೂ ನೋಡಿಲ್ಲ, ಅವ್ನಿಗಿ ಆಕಿ ಶೀಟಿನ ಮ್ಯಾಲಿನ ಒಂದು ಸಾಲು. ನಮ್ಮ ತೊಗರಿಗೆ 2019ರಾಗ ಜಿಐ ಟ್ಯಾಗ್ (ಈ ಊರಿಂದೇ ಮಾಲು ಅನ್ನೋ ಸರ್ಕಾರಿ ಗುರುತು) ಬಂತು, ಹಸನ ಮಾಡೋ ಕೈಗೇನು ಬಂತೋ.

ಆ ಶೀಟ್ ಟೇಬಲ್ ಮ್ಯಾಲೆ ಹಾಸಿ ಲೆಕ್ಕ ಮಾಡಿದ್ವಿ. ದಿನದ ಕೂಲಿ 400 ಅಂತ ಇಟ್ಕೋರಿ ಅಂದೆ, 12 ಮಂದಿಗೆ 8 ತಾಸಿಗೆ 4800. ಈಗ 8 ಮಂದಿ, 12 ತಾಸು ದುಡೀಲತ್ತಾರ, ಹೆಚ್ಚಿನ ನಾಕು ತಾಸಿಗೆ ತಲಿಗೆ 100 ಕೊಡ್ತಾರಂತ, ಒಟ್ಟು 4000, ದಿನಕ್ಕ 800 ಉಳೀತು ಅಂತ ಶೀಟ್ ಹೇಳ್ತದ. ಆದ್ರ ವಾರಕ್ಕ 48 ತಾಸಿನ ಮ್ಯಾಲಿನದಕ್ಕ ಡಬಲ್ ಕೊಡ್ಬೇಕು, 1948ರ ಕಾರ್ಖಾನೆ ಕಾಯ್ದೆದಾಗೂ ಅದೇ, ಹೊಸ ಕಾರ್ಮಿಕ ಕೋಡ್‌ನ್ಯಾಗೂ ಅದೇ. ತಾಸಿಗೆ 50 ಕೂಲಿ, ಅದ್ರ ಡಬಲ್ 100ರಂಗ ಹೆಚ್ಚಿನ ತಾಸಿಗೆ ಹಾಕಿದ್ರ ಒಟ್ಟು 6400 ಆಗ್ತದ. ಅಂದ್ರ ಮಂದಿ ತೆಗೆದು ಉಳಿದಿದ್ದೇನಿಲ್ಲ, ಕೊಡಬೇಕಾದ್ದು ಕೊಡದೇ ಉಳಿಸ್ಯಾರ. ಅವ್ರು ಪೆನ್ನು ತಗೊಂಡು ತಾವೇ ಮೂರು ಸಲ ಗುಣಾಕಾರ ಮಾಡಿ ನೋಡಿದ್ರು.

ಸಲಹೆ ಏನ್ ಕೊಟ್ಟೆ ಅಂದ್ರ, ಹೀರೋ ಆಗ್ಲಿಕ್ಕ ಹೋಗ್ಬ್ಯಾಡ್ರಿ, ಸಾಲ ಅದ, ಮಗಳಿದ್ದಾಳ. ನ್ಯಾಯ ಅನ್ಯಾಯ ಅಂತ ಹೋದ್ರ ಮಗಾ ಕೇಳಂಗಿಲ್ಲ, ಅವನ ಭಾಷಾದಾಗೇ, ಲೆಕ್ಕದಾಗೇ ಹೇಳ್ರಿ, ಯಾರರ ಲೇಬರ್ ಆಫೀಸಿಗೆ ಅರ್ಜಿ ಕೊಟ್ರ ಏನಾಗ್ತದ ಅಂತ ಅದೇ ಶೀಟಿನ್ಯಾಗ ಇನ್ನೊಂದು ಕಾಲಂ ಹಾಕಿ ತೋರ್ಸ್ರಿ. 1914ರಾಗ ಹೆನ್ರಿ ಫೋರ್ಡ್ ದಿನಕ್ಕ 5 ಡಾಲರ್ ಪಗಾರ, 8 ತಾಸು ಕೆಲಸ ಅಂತ ಮಾಡಿದ್ದು ದಾನಕ್ಕಲ್ಲ, ಮಂದಿ ಬಿಟ್ಟು ಓಡೋದು ನಿಲ್ಲಲಿ ಅಂತ, ಅದನ್ನೂ ಹೇಳ್ರಿ ಎಂಬಿಎ ಓದಿದವ್ನಿಗಿ. ಮತ್ತ, ಹೆಸರು ಬರ್ದಿದ್ದು ನಿಮ್ಮ ಕೈ, ಅದನ್ನ ಇಲ್ಲ ಅನ್ಬ್ಯಾಡ್ರಿ, ಆದ್ರ 12ನ್ನ 8 ಮಾಡಿದ್ದು ನೀವಲ್ಲ, ಎರಡೂ ಬ್ಯಾರೆ ಬ್ಯಾರೆ ಇಡ್ರಿ.

"ಆ 6000 ಶರಣಬಸಪ್ಪನ ಗುಡಿ ಹುಂಡ್ಯಾಗ ಹಾಕ್ಲೇನ್ರೀ ಮೇಡಂ?" ಅಂದ್ರು. ಶರಣಬಸಪ್ಪನ ಕೆಲಸ ಹೋಗಿಲ್ಲಲ್ರೀ ಅಂದೆ. ಸ್ವಲ್ಪ ಕಟುವಾಯ್ತೇನೋ ಅನ್ಸ್ತು ಆಮ್ಯಾಗ.

ಮೂರನೇ ಸಲ ಬಂದಾಗ ಸುದ್ದಿ ಮಿಶ್ರ. ಮಗಾ ಸಿಟ್ಟಾದ, ಆದ್ರ ಅಪ್ಪಾ ಲೆಕ್ಕ ನೋಡಿ ಇಬ್ರನ್ನ ವಾಪಸ್ ಕರ್ಸ್ಯಾರ, ಮುದುಕಿ ಆ ಇಬ್ರಾಗಿಲ್ಲ. ಇವ್ರು ಆಕಿ ಮನಿಗೆ ಹೋಗಿದ್ರಂತ. ಆಕಿ ಬಾಗಿಲ ತೆಗೆದು ನೋಡಿ, ಏನೂ ಅನ್ಲಿಲ್ಲಂತ, ಮತ್ತ ಮುಚ್ಕೊಂಡ್ಳಂತ. ನಿದ್ದಿ ನಾಕು ತಾಸು ಬರ್ಲತ್ತದ. ಮುಂದಿನ ಐತವಾರ ಮತ್ತ ಹೋಗಿ ಬರ್ತೀನಿ ಅಂದ್ರು.