ಎರಡೂ ಶಾಲೆಯಲ್ಲಿ ನಾನು ರೈಟ್ರ ಮಗ

"ಚಿಕ್ಕಂದಿನಲ್ಲಿ ಸರ್ಕಾರಿ ಶಾಲೆ, ಖಾಸಗಿ ಶಾಲೆ ಎರಡರಲ್ಲೂ ಓದಿದವರು ಇದ್ದೀರಾ? ನಿಜವಾದ ವ್ಯತ್ಯಾಸ ಎಲ್ಲಿತ್ತು? ನನಗೆ ಕೊಡಗಿಗೆ ವರ್ಗವಾಗಿದೆ, ಮಗಳನ್ನು ಒಂದನೇ ಕ್ಲಾಸಿಗೆ ಸೇರಿಸಬೇಕು" ಎಂದು ಕೇಳಿದ್ದೀರಿ. ನಾನು ಓದಿದ್ದೇನೆ, ಅದೂ ಕೊಡಗಿನಲ್ಲೇ. ನಾಲ್ಕನೇ ಕ್ಲಾಸನ್ನಂತೂ ಎರಡೂ ಕಡೆ ಓದಿದ್ದೇನೆ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಅಪ್ಪ ಸಿದ್ದಾಪುರದ ಕಡೆ ಒಂದು ಕಾಫಿ ತೋಟದಲ್ಲಿ ರೈಟರ್ ಆಗಿದ್ದರು. ನೀವು ಹೊರಗಿನಿಂದ ಬರುವವರು, ಅದಕ್ಕೆ ಹೇಳುತ್ತೇನೆ. ಇಲ್ಲಿ ರೈಟರ್ ಅಂದರೆ ಕಥೆ ಬರೆಯುವವರಲ್ಲ. ಕೆಲಸದವರ ಹಾಜರಿ, ಕೂಲಿ, ಕುಯ್ದ ಕಾಫಿಯ ತೂಕ ಬರೆದುಕೊಳ್ಳುವವರು. ಸಾಹುಕಾರ್ರ ಬಂಗಲೆಗೂ ಕೆಲಸದವರ ಲೈನ್ ಮನೆಗಳಿಗೂ ನಡುವೆ ಒಂದು ಸಣ್ಣ ಹೆಂಚಿನ ಮನೆ ಇರುತ್ತದಲ್ಲ, ಅದು ನಮ್ಮದು.

1998ರ ಜೂನಿನಲ್ಲಿ ನಾನು ಒಂದನೇ ಕ್ಲಾಸಿಗೆ ಸೇರಿದೆ. ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ. ನಾಲ್ಕು ಕ್ಲಾಸು, ಎರಡು ಕೋಣೆ, ಇಬ್ಬರು ಟೀಚರ್. ಒಂದು ಕೋಣೆಯಲ್ಲಿ ಎರಡು ಕ್ಲಾಸಿನವರು ಬೆನ್ನಿಗೆ ಬೆನ್ನು ಕೊಟ್ಟು ಕೂರುತ್ತಿದ್ದೆವು. ಒಂದನೇ ಕ್ಲಾಸಿನಲ್ಲಿ ಕೂತೇ ಎರಡನೇ ಕ್ಲಾಸಿನ ಮಗ್ಗಿ ಬಾಯಿಗೆ ಬಂದಿತ್ತು. ಅದೇನು ಯಾರೋ ಯೋಚಿಸಿ ಮಾಡಿದ್ದಲ್ಲ, ಸುಮ್ನೆ ಕಿವಿಗೆ ಬಿದ್ದು ಬಂದದ್ದು.

ಮಳೆ ಜೋರಾದರೆ ಪಾಠ ನಿಲ್ಲುತ್ತಿತ್ತು. ಒಂದು ಕೋಣೆಗೆ ಶೀಟು ಹೊದಿಸಿದ್ದರು. ಜುಲೈ ತಿಂಗಳ ಕೊಡಗಿನ ಮಳೆ ಶೀಟಿನ ಮೇಲೆ ಬಿದ್ದರೆ ಪಕ್ಕದಲ್ಲಿ ಕೂತವನು ಕೂಗಿದರೂ ಕೇಳುವುದಿಲ್ಲ. ಆಗ ಟೀಚರ್ ಬೋರ್ಡಿನ ಮೇಲೆ ಲೆಕ್ಕ ಬರೆದು ಕೈಸನ್ನೆ ಮಾಡುತ್ತಿದ್ದರು. ನಾವು ಸ್ಲೇಟು ಎತ್ತಿ ಉತ್ತರ ತೋರಿಸುತ್ತಿದ್ದೆವು. ನನ್ನ ಮಟ್ಟಿಗೆ ಅಷ್ಟು ಶ್ರದ್ಧೆಯ ಕ್ಲಾಸು ಮುಂದೆ ಕಾಲೇಜಿನಲ್ಲೂ ಸಿಗಲಿಲ್ಲ.

ಭಾಷೆಯದ್ದೊಂದು ತಮಾಷೆ ಹೇಳಬೇಕು. ನಮ್ಮ ಮನೆಮಾತು ಅರೆಭಾಷೆ, ಕೊಡಗು, ಸುಳ್ಯದ ಕಡೆ ಗೌಡರು ಆಡುವ ಮಾತು. ಕ್ಲಾಸಿನಲ್ಲಿ ಕೊಡವ ತಕ್ಕ್ ಮಾತಾಡುವವರಿದ್ದರು, ಮಲಯಾಳ, ತಮಿಳು, ತುಳು, ಎರವರ ಮಾತು ಎಲ್ಲ ಇದ್ದವು. ಮನೆಯಲ್ಲಿ ಕನ್ನಡ ಮಾತಾಡುವವರು ಇಬ್ಬರೋ ಮೂವರೋ. ಅಂದರೆ ಕನ್ನಡ ಹೆಚ್ಚುಕಮ್ಮಿ ಎಲ್ಲರೂ ಶಾಲೆಗೆ ಬಂದು ಕಲಿತ ಭಾಷೆ. ಎಲ್ಲರೂ ತಪ್ಪು ಮಾತಾಡುತ್ತಿದ್ದೆವು. ನಗುವ ಹಕ್ಕು ಯಾರಿಗೂ ಇರಲಿಲ್ಲ.

ಆಗ ಬಿಸಿಯೂಟ ಬಂದಿರಲಿಲ್ಲ. ತಿಂಗಳಿಗೆ ಮೂರು ಕೆಜಿ ಅಕ್ಕಿ ಕೊಡುತ್ತಿದ್ದರು, ಹಾಜರಿ ಸರಿಯಾಗಿದ್ದರೆ ಮಾತ್ರ. ಲೈನ್ ಮನೆಯ ಮಕ್ಕಳು ಆ ಅಕ್ಕಿಗಾಗಿ ಮಳೆಯಲ್ಲೂ ಬರುತ್ತಿದ್ದರು. ಗೊಬ್ಬರದ ಚೀಲದ ಒಳಗಿನ ಪ್ಲಾಸ್ಟಿಕ್ಕನ್ನು ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡು ಸಾಲಾಗಿ ಬರುತ್ತಿದ್ದುದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ನನಗೆ ಕೊಡೆ ಇತ್ತು. ಡಿಸೆಂಬರಿನಿಂದ ಕಾಫಿ ಕುಯ್ಲು ಶುರುವಾದರೆ ಅರ್ಧ ಕ್ಲಾಸು ಖಾಲಿ. ಅಪ್ಪ ಅಮ್ಮ ಇಬ್ಬರೂ ಕುಯ್ಲಿಗೆ ಹೋದರೆ ತಮ್ಮ ತಂಗಿಯರನ್ನು ನೋಡಿಕೊಳ್ಳುವವರು ಯಾರು? ಟೀಚರ್ ಸಂಜೆ ಲೈನಿಗೆ ಹೋಗಿ ಕೂಗಾಡಿ ಬರುತ್ತಿದ್ದರು. "ಮಗುವನ್ನೂ ಎತ್ಕೊಂಡು ಬಾ, ಪರವಾಗಿಲ್ಲ" ಅನ್ನುತ್ತಿದ್ದರು. ಕೆಲವರು ನಿಜವಾಗಿಯೂ ಎತ್ತಿಕೊಂಡು ಬಂದರು. ಮಗು ಅತ್ತರೆ ಹೊರಗೆ ಹೋಗಿ ಆಡಿಸಿ ಬರಬಹುದಿತ್ತು.

ನನ್ನ ಪಕ್ಕ ಕೂರುತ್ತಿದ್ದ ಹುಡುಗ ಲೈನ್ ಮನೆಯವನು, ತಮಿಳು ಮಾತಾಡುವವನು. ಬರೆಯುವುದೆಂದರೆ ಅವನಿಗೆ ಆಗುತ್ತಲೇ ಇರಲಿಲ್ಲ. ಆದರೆ ಬಾಯಿಲೆಕ್ಕ! ಕುಯ್ಲಿನ ಸಮಯದಲ್ಲಿ ಸಂಜೆ ಕಣದ ಹತ್ತಿರ ತೂಕ ಹಾಕುತ್ತಾರೆ. ಕೆಜಿ ಲೆಕ್ಕದಲ್ಲಿ ಕೂಲಿ. ಅಪ್ಪ ಪುಸ್ತಕದಲ್ಲಿ ಬರೆಯುತ್ತಿದ್ದರು, ಇವನು ಅಮ್ಮನ ಸೀರೆ ಸೆರಗು ಹಿಡಿದು ನಿಂತು ತಲೆಯಲ್ಲೇ ಕೂಡಿಸುತ್ತಿದ್ದ. ಒಂದು ಶನಿವಾರ ವಾರದ ಮೊತ್ತ ಓದುವಾಗ "ಎರಡು ಕೆಜಿ ಕಮ್ಮಿ ಆಯ್ತು ರೈಟ್ರೇ" ಅಂದುಬಿಟ್ಟ. ಅವನಮ್ಮ ತಲೆಗೆ ಒಂದು ಕೊಟ್ಟಳು. ಅಪ್ಪ ಮತ್ತೆ ಕೂಡಿಸಿ ನೋಡಿದರು. ಹುಡುಗ ಹೇಳಿದ್ದೇ ಸರಿ. ಅಪ್ಪ ಪುಸ್ತಕ ತಿದ್ದಿದರು. ಮನೆಗೆ ಬಂದು ನನಗೆ ಹೇಳಿದರು, "ಅವನಿಗೆ ತಲೆ ಉಂಟು. ನಿನಗೆ ಪೆನ್ಸಿಲ್ ಉಂಟು ಅಷ್ಟೇ."

ಆದರೂ ಕ್ಲಾಸಿಗೆ ನಾನೇ ಲೀಡರ್. ಟೀಚರಿಗೆ ಚಾ ತರುವವನು ನಾನು, ಆಗಸ್ಟ್ 15ಕ್ಕೆ ಭಾಷಣ ಮಾಡುವವನು ನಾನು. ಆ ಹುಡುಗ ಮೂರನೇ ಬೆಂಚಿನಿಂದ ಚಪ್ಪಾಳೆ ಹೊಡೆಯುತ್ತಿದ್ದ. ನಾನು ಬಹಳ ಬುದ್ಧಿವಂತ ಅಂತ ನಾಲ್ಕು ವರ್ಷ ನಂಬಿಕೊಂಡೇ ಇದ್ದೆ. ರೈಟ್ರ ಮಗ ಅನ್ನೋದು ಅಲ್ಲಿ ಒಂದು ಪದವಿ.

ಆ ಶಾಲೆ ಸ್ವರ್ಗವಾಗಿತ್ತು ಅಂತ ತಿಳಿಯಬೇಡಿ. ಶೌಚಾಲಯ ಅಂತ ಒಂದಿತ್ತು, ಬಾಗಿಲು ಇರಲಿಲ್ಲ. ನನ್ನ ಅಕ್ಕ ಅದೇ ಶಾಲೆಯಲ್ಲಿ ಓದಿದವಳು. ಬೆಳಿಗ್ಗೆಯಿಂದ ಸಂಜೆವರೆಗೆ ನೀರೇ ಕುಡಿಯುತ್ತಿರಲಿಲ್ಲ ಎಂದು ಅವಳು ಹೇಳಿದ್ದು ಮೊನ್ನೆ ಮೊನ್ನೆ. ಹುಡುಗನಾಗಿ ನನಗೆ ಅದು ಹೊಳೆದೇ ಇರಲಿಲ್ಲ. 2001ರ ಜನಗಣತಿಗೆ ಒಬ್ಬ ಟೀಚರನ್ನು ಕಳಿಸಿದಾಗ ನಾಲ್ಕೂ ಕ್ಲಾಸನ್ನು ಒಬ್ಬರೇ ನೋಡಿಕೊಂಡರು. ಪಾಠ ಎಂತದು ಆಗುತ್ತದೆ, ಹೇಳಿ. ಸೀಬೆ ಕೋಲಿನ ಪೆಟ್ಟೂ ಇತ್ತು. ಅದು ಎರಡೂ ಕಡೆ ಇತ್ತು ಬಿಡಿ, ಅಲ್ಲಿ ಕೋಲು, ಇಲ್ಲಿ ಸ್ಕೇಲು.

ನಾಲ್ಕನೇ ಕ್ಲಾಸು ಮುಗಿಯಿತು. ಮುಂದಿನ ಸರ್ಕಾರಿ ಶಾಲೆ ನಾಲ್ಕು ಕಿಲೋಮೀಟರ್ ದೂರ, ತೋಟದ ನಡುವಿನ ದಾರಿ, ಆನೆ ಕಾಟ. ಅಕ್ಕ ಆಗಲೇ ಎರಡು ವರ್ಷದಿಂದ ಆ ದಾರಿಯಲ್ಲಿ ಹೋಗಿಬರುತ್ತಿದ್ದಳು. ನನ್ನ ಸರದಿ ಬಂದಾಗ ಮಾತ್ರ "ಆನೆ ಉಂಟು, ಹುಡುಗ ಸಣ್ಣವನು" ಎಂಬ ಮಾತು ಮನೆಯಲ್ಲಿ ಎದ್ದಿತು. ಇಬ್ಬರ ಫೀಸು ಕಟ್ಟಲು ಆಗುವುದಿಲ್ಲ, ಹಾಗಾಗಿ ಹುಡುಗನನ್ನು ಇಂಗ್ಲಿಷ್ ಮೀಡಿಯಮ್ಮಿಗೆ ಹಾಕಿದರು. ಅಕ್ಕ ಇದನ್ನು ನಗುತ್ತಲೇ ಹೇಳುತ್ತಾಳೆ. ಆದರೆ ಪ್ರತಿ ಸಲ ಹೇಳುತ್ತಾಳೆ.

ನನ್ನ ಪಕ್ಕದ ಹುಡುಗ ಐದನೇ ಕ್ಲಾಸಿಗೆ ಎಲ್ಲಿಗೂ ಹೋಗಲಿಲ್ಲ. ಅವನ ಮನೆಯವರು ಬೇರೆ ತೋಟಕ್ಕೆ ಹೋದರು. ಆಮೇಲೆ ನಾನು ಅವನನ್ನು ನೋಡಿಲ್ಲ.

2002ರ ಜೂನಿನಲ್ಲಿ ನಾನು ವ್ಯಾನು ಹತ್ತಿದೆ. ಹೊಸ ಶಾಲೆಯಲ್ಲಿ ಒಂದು ಪ್ಯಾರಾ ಇಂಗ್ಲಿಷ್ ಓದಲು ಕೊಟ್ಟರು. ಆಗ ಸರ್ಕಾರಿ ಶಾಲೆಯಲ್ಲಿ ಇಂಗ್ಲಿಷ್ ಶುರುವಾಗುತ್ತಿದ್ದುದೇ ಐದನೇ ಕ್ಲಾಸಿನಿಂದ. ನನಗೆ ಎಬಿಸಿಡಿ ಬಿಟ್ಟರೆ ಏನೂ ಬಾರದು. "ಇನ್ನೊಂದು ವರ್ಷ ನಾಲ್ಕನೇ ಕ್ಲಾಸೇ ಓದಲಿ" ಅಂದರು. ಲೀಡರ್ ಸಾಹೇಬ್ರು ಹೀಗೆ ಫೇಲಾಗದೆ ಫೇಲಾದರು.

ಮೊದಲ ತಿಂಗಳ ನೆನಪೆಲ್ಲ ಬೂಟಿನದ್ದೇ. ಸರ್ಕಾರಿ ಶಾಲೆಗೆ ಹವಾಯಿ ಚಪ್ಪಲಿಯಲ್ಲಿ ಹೋಗುತ್ತಿದ್ದೆ. ಜಿಗಣೆ ಹತ್ತಿದರೆ ಕಾಣುತ್ತಿತ್ತು, ಜೇಬಿನಲ್ಲಿದ್ದ ಉಪ್ಪಿನ ಗಂಟು ಮುಟ್ಟಿಸಿದರೆ ಉದುರುತ್ತಿತ್ತು. ಈಗ ಬಿಳಿ ಸಾಕ್ಸು, ಕಪ್ಪು ಬೂಟು. ಜಿಗಣೆ ಸಾಕ್ಸಿನೊಳಗೆ ಸೇರಿ ಆರಾಮಾಗಿ ಕೂರುತ್ತಿತ್ತು. ಪ್ರಾರ್ಥನೆಗೆ ನಿಂತಾಗ ಸಾಕ್ಸು ಕೆಂಪಾಗಿರುತ್ತಿತ್ತು, ಸಮವಸ್ತ್ರ ಗಲೀಜು ಅಂತ ಸಾಲಿನಿಂದ ಹೊರಗೆ ನಿಲ್ಲಿಸುತ್ತಿದ್ದರು. ರಾತ್ರಿ ಅಮ್ಮ ಬೂಟನ್ನು ಒಲೆಯ ಪಕ್ಕ ಬೋರಲು ಹಾಕುತ್ತಿದ್ದರು. ಮೂರು ತಿಂಗಳು ಅದು ಒಣಗಲೇ ಇಲ್ಲ. ಹೊಗೆ ವಾಸನೆಯ ಬೂಟು ಹಾಕಿಕೊಂಡು ಬರುವ ಹುಡುಗ ಅಂತ ನನಗೊಂದು ಗುರುತು ಬಂತು.

ಇನ್ನೊಂದು ಗುರುತು ಮೊದಲಿಂದ ಇದ್ದದ್ದೇ. ನಮ್ಮ ಸಾಹುಕಾರ್ರ ಅಣ್ಣನ ಮಗ ಅದೇ ಕ್ಲಾಸಿನಲ್ಲಿದ್ದ. ಕೆಟ್ಟವನಲ್ಲ, ಪಾಪ. ಮೊದಲ ದಿನ ಎಲ್ಲರೆದುರು "ಇವನು ನಮ್ಮ ರೈಟ್ರ ಮಗ" ಅಂತ ಖುಷಿಯಿಂದ ಪರಿಚಯ ಮಾಡಿಸಿದ. ಅದೇ ಎರಡು ಪದ. ನನ್ನ ಮುಖ ಬಿಸಿಯಾಯಿತು. ಎರಡು ತಿಂಗಳ ಹಿಂದಿನವರೆಗೆ ಅದೇ ಪದ ಕೇಳಿದರೆ ಎದೆ ಉಬ್ಬುತ್ತಿತ್ತಲ್ಲ!

ಅದು ಕಾಫಿ ಬೆಲೆ ನೆಲ ಕಚ್ಚಿದ್ದ ಕಾಲ. 2001, 2002ರಲ್ಲಿ ಪ್ರಪಂಚದಾದ್ಯಂತ ಬೆಲೆ ಬಿದ್ದಿತ್ತು, ಕೊಡಗಿನಲ್ಲಿ ಎಷ್ಟೋ ತೋಟಗಳಲ್ಲಿ ಗೊಬ್ಬರ ಹಾಕುವುದನ್ನೇ ನಿಲ್ಲಿಸಿದ್ದರು. ಅಪ್ಪನಿಗೆ ಬೋನಸ್ ಬರಲಿಲ್ಲ. ಫೀಸು ಕಟ್ಟದವರ ಹೆಸರನ್ನು ಪ್ರಾರ್ಥನೆಯ ಹೊತ್ತಿಗೆ ಓದುತ್ತಿದ್ದರು. ನನ್ನ ಹೆಸರು ಸರಿಯಾದ ಉಚ್ಚಾರದಲ್ಲಿ ಕೇಳುತ್ತಿದ್ದುದು ಆಗ ಮಾತ್ರ.

ಕನ್ನಡ ಮಾತಾಡಿದರೆ ಒಂದು ರೂಪಾಯಿ ದಂಡ. ನಾನು ಉಪಾಯ ಕಂಡುಕೊಂಡೆ, ಮಾತಾಡುವುದನ್ನೇ ಬಿಟ್ಟೆ. ವರ್ಷದ ಕೊನೆಗೆ ಅಮ್ಮನಿಗೆ ಟೀಚರ್ ಹೇಳಿದ್ದು, "ಒಳ್ಳೆ ಹುಡುಗ, ಗಲಾಟೆಯೇ ಇಲ್ಲ."

ಒಂದು ದಿನ ಮಾತ್ರ ನನ್ನ ದಿನವಾಗಿತ್ತು. 1994ರ ಸರ್ಕಾರದ ಭಾಷಾ ನೀತಿ ಪ್ರಕಾರ ಆಮೇಲೆ ಶುರುವಾದ ಶಾಲೆಗಳು ಒಂದರಿಂದ ನಾಲ್ಕನೇ ಕ್ಲಾಸಿನವರೆಗೆ ಮಾತೃಭಾಷೆ ಅಥವಾ ಕನ್ನಡದಲ್ಲೇ ಪಾಠ ಮಾಡಬೇಕಿತ್ತು. ರಾಜ್ಯದಲ್ಲಿ ಎಷ್ಟೋ ಶಾಲೆಗಳು ಕನ್ನಡ ಮಾಧ್ಯಮಕ್ಕೆ ಅನುಮತಿ ತೆಗೆದುಕೊಂಡು ಒಳಗೆ ಇಂಗ್ಲಿಷ್ ನಡೆಸುತ್ತಿದ್ದವು. ನಮ್ಮದೂ ಹಾಗೆಯೇ. ತಪಾಸಣೆಗೆ ಶಿಕ್ಷಣ ಇಲಾಖೆಯ ಸಾಹೇಬರು ಬರುತ್ತಾರೆ ಅಂತ ಸುದ್ದಿ ಬಂದ ದಿನ ಇಂಗ್ಲಿಷ್ ಪುಸ್ತಕಗಳೆಲ್ಲ ಬೀರುವಿನೊಳಗೆ ಹೋದವು. ಸರ್ಕಾರಿ ಕನ್ನಡ ಪುಸ್ತಕಗಳು ಕಟ್ಟು ಬಿಚ್ಚಿ ಹೊರಗೆ ಬಂದವು, ಇನ್ನೂ ಹೊಸ ವಾಸನೆ. ನನ್ನನ್ನು ಮೊದಲ ಬೆಂಚಿಗೆ ಎಳೆದು ಕೂರಿಸಿದರು. ಸಾಹೇಬರು "ಯಾರು ಓದುತ್ತೀರಿ?" ಅಂದರು. ನಾನು ಎದ್ದು ನಿಂತೆ. ಅದು ಹಿಂದಿನ ವರ್ಷ ನಾನು ಓದಿ ಮುಗಿಸಿದ್ದ ಪುಸ್ತಕ, ಪದ್ಯವೆಲ್ಲ ಬಾಯಿಪಾಠ. ಪುಸ್ತಕ ನೋಡದೆಯೇ ಹೇಳಿದೆ. ಸಾಹೇಬರು ಬೆನ್ನು ತಟ್ಟಿ, "ಶಾಲೆಯಲ್ಲಿ ಕನ್ನಡ ಚೆನ್ನಾಗಿ ಕಲಿಸಿದ್ದಾರೆ" ಅಂದರು. ಹೆಡ್‌ಮಿಸ್ ಅವತ್ತು ನನಗೆ ಚಾಕಲೇಟು ಕೊಟ್ಟರು. ಮರುದಿನ ಮತ್ತೆ ಮೂರನೇ ಬೆಂಚು, ಮತ್ತೆ ದಂಡ.

(ಆ ನೀತಿ ಈಗಿಲ್ಲ. ಶಿಕ್ಷಣದ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಇನ್ನು ಪುಸ್ತಕ ಬಚ್ಚಿಡುವ ಕೆಲಸ ಇಲ್ಲ.)

ಆ ಶಾಲೆಗೆ ನಾನು ಋಣಿಯೂ ಹೌದು. ಅದನ್ನು ಮುಚ್ಚಿಟ್ಟರೆ ಸುಳ್ಳಾಗುತ್ತದೆ. ಅಲ್ಲಿ ಲೈಬ್ರರಿ ಇತ್ತು, ಒಂದೊಂದು ವಿಷಯಕ್ಕೆ ಒಬ್ಬೊಬ್ಬರು ಟೀಚರ್ ಇದ್ದರು, ನಿಜವಾದ ಹಾಕಿ ಸ್ಟಿಕ್ಕು ಇದ್ದವು. ಮೊದಲ ಶಾಲೆಯಲ್ಲಿ ಕಾಫಿ ಗಿಡದ ಕೋಲಲ್ಲಿ ಆಡುತ್ತಿದ್ದೆವು. ಏಳನೇ ಕ್ಲಾಸಿನ ಹೊತ್ತಿಗೆ ಇಂಗ್ಲಿಷ್ ಸರಾಗವಾಯಿತು. ಈಗಿನ ನನ್ನ ಕೆಲಸದ ಇಂಟರ್‌ವ್ಯೂ ಪೂರ್ತಿ ಇಂಗ್ಲಿಷಿನಲ್ಲಿತ್ತು, ಒಂದು ಕಡೆಯೂ ತಡವರಿಸಲಿಲ್ಲ. ಅಪ್ಪ ಸಾಲ ಮಾಡಿ ಕಟ್ಟಿದ ಫೀಸಿಗೆ ಸಿಕ್ಕಿದ್ದು ಇದು. ಸಣ್ಣದೇನಲ್ಲ.

ಈಗ ನಿಮ್ಮ ಪ್ರಶ್ನೆ. ವ್ಯತ್ಯಾಸ ಎಲ್ಲಿತ್ತು? ತುಂಬಾ ವರ್ಷ ನಾನು "ಸರ್ಕಾರಿ ಶಾಲೆಯಲ್ಲಿ ಪ್ರೀತಿ ಇತ್ತು, ಖಾಸಗಿಯಲ್ಲಿ ದುಡ್ಡಿನ ಲೆಕ್ಕ" ಅಂತ ಹೇಳಿಕೊಂಡು ತಿರುಗಿದ್ದೆ. ಕೇಳುವವರಿಗೂ ಖುಷಿ, ಹೇಳುವವನಿಗೂ ಖುಷಿ. ಒಂದು ಸಲ ಅಕ್ಕ ಕೇಳಿದಳು, "ಪ್ರೀತಿ ಯಾರಿಗೆ ಇತ್ತು? ನಿನಗಾ, ಲೈನಿನ ಮಕ್ಕಳಿಗಾ?" ಅಲ್ವಾ ಮತ್ತೆ. ಅಲ್ಲಿ ನಾನು ಕ್ಲಾಸಿಗೇ ಅನುಕೂಲಸ್ಥ, ಕೊಡೆ ಇದ್ದವನು. ಇಲ್ಲಿ ಫೀಸು ಬಾಕಿ ಇದ್ದವನು. ಎರಡು ಶಾಲೆಗಳನ್ನು ಹೋಲಿಸುತ್ತಿದ್ದೇನೆ ಅಂದುಕೊಂಡು ನಾನು ಎರಡು ಬೆಂಚುಗಳನ್ನು ಹೋಲಿಸುತ್ತಿದ್ದೆ. ಆ ತಮಿಳು ಹುಡುಗನನ್ನು ಕೇಳಿದರೆ ಸರ್ಕಾರಿ ಶಾಲೆಯ ಬಗ್ಗೆ ಅವನು ಬೇರೆಯೇ ಹೇಳಬಹುದು. ಸಾಹುಕಾರ್ರ ಮನೆಯ ಹುಡುಗನಿಗೆ ಆ ಖಾಸಗಿ ಶಾಲೆ ಅಂದರೆ ಇವತ್ತಿಗೂ ಪ್ರಾಣ.

ಈಗ ಪರಿಸ್ಥಿತಿ ಬದಲಾಗಿದೆ. 2007ರಿಂದ ಸರ್ಕಾರಿ ಶಾಲೆಯಲ್ಲೂ ಒಂದನೇ ಕ್ಲಾಸಿನಿಂದ ಇಂಗ್ಲಿಷ್ ಒಂದು ವಿಷಯವಾಗಿದೆ. 2019ರಿಂದ ಕೆಲವು ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗವೂ ಉಂಟು, ನಿಮ್ಮ ಹತ್ತಿರದ ಶಾಲೆಯಲ್ಲಿ ಇದೆಯಾ ವಿಚಾರಿಸಿ. ಬಿಸಿಯೂಟ ಉಂಟು, ಹಾಲು ಉಂಟು. ಆದರೆ ಸಣ್ಣ ಶಾಲೆಗಳಲ್ಲಿ ಮಕ್ಕಳೇ ಇಲ್ಲ. ಹತ್ತು ಮಕ್ಕಳಿರುವ ಶಾಲೆಯಲ್ಲಿ ನಿಮ್ಮ ಮಗಳ ಕ್ಲಾಸಿಗೆ ಅವಳೊಬ್ಬಳೇ ಆಗಬಹುದು. ಅದು ನನಗೆ ಟೀಚರ್ ಕಮ್ಮಿ ಇರುವುದಕ್ಕಿಂತ ದೊಡ್ಡ ಚಿಂತೆ ಅನ್ನಿಸುತ್ತದೆ.

ಅಕ್ಕ ಈಗ ಕೊಡಗಿನಲ್ಲೇ ಸರ್ಕಾರಿ ಶಾಲೆ ಟೀಚರ್. ಅವಳ ಮಗ ಓದುತ್ತಿರುವುದು ಖಾಸಗಿ ಶಾಲೆಯಲ್ಲಿ. ನಾನು ಕೆಣಕಿದರೆ "ನೀನು ಸುಮ್ನಿರು, ನೀನು ವ್ಯಾನಲ್ಲಿ ಹೋದವನು" ಅನ್ನುತ್ತಾಳೆ. ಅವಳ ಕ್ಲಾಸಿನಲ್ಲಿ ಅಸ್ಸಾಮಿನಿಂದ ತೋಟದ ಕೆಲಸಕ್ಕೆ ಬಂದವರ ಮಕ್ಕಳೇ ಜಾಸ್ತಿ. ಅವರು ಮೂರು ತಿಂಗಳಲ್ಲಿ ಕನ್ನಡ ಮಾತಾಡುತ್ತಾರಂತೆ, ನಾವೆಲ್ಲ ಮಾತಾಡುತ್ತಿದ್ದ ಹಾಗೆಯೇ, ತಪ್ಪು ತಪ್ಪಾಗಿ.

ನಿಮ್ಮ ಪ್ರಶ್ನೆಯನ್ನು ಅವಳಿಗೂ ಓದಿ ಹೇಳಿದೆ. ಅವಳು ಹೇಳಿದ್ದು ಇಷ್ಟು. ಶಾಲೆ ನೋಡಲು ಏಪ್ರಿಲಿನಲ್ಲಿ ಹೋಗಬೇಡಿ, ಬಿಸಿಲಲ್ಲಿ ಎಲ್ಲ ಶಾಲೆಯೂ ಚೆಂದ. ಆದರೆ ಜುಲೈನಲ್ಲಿ ಒಂದು ದಿನ, ಮಳೆ ರಜೆ ಇಲ್ಲದ ದಿನ ಹೋಗಿ. ಎಷ್ಟು ಮಕ್ಕಳು ಬಂದಿದ್ದಾರೆ ಎಣಿಸಿ. ಒದ್ದೆಯಾಗಿ ಬಂದ ಮಗುವನ್ನು ಟೀಚರ್ ಏನು ಮಾಡುತ್ತಾರೆ ನೋಡಿ. ಆಮೇಲೆ ಹೆಣ್ಣುಮಕ್ಕಳ ಶೌಚಾಲಯದ ಬಾಗಿಲಿಗೆ ಒಳಗಿನಿಂದ ಚಿಲಕ ಉಂಟಾ ಅಂತ ನೀವೇ ಹಾಕಿ ನೋಡಿ.