ಮುಂಬೈನ ಹಳೇ ಪೀಠೋಪಕರಣಗಳ ಮಾರುಕಟ್ಟೆ ಓಶಿವಾರಾದಲ್ಲಿ ಕೊಂಡ ಹಳೇ ಮೇಜು ಯಾವ ಮರದ್ದು ಅಂತ ಬಣ್ಣ ನೋಡಿ ಹೇಳಬಹುದಾ?

ಬಣ್ಣ ನಂಬಬೇಡಿ, ಅಡ್ಡ ಕೊಯ್ದ ತುದಿ ನೋಡಿ. ಮೇಜು ಮಗುಚಿ ಕಾಲಿನ ಅಡಿಯಲ್ಲಿ ಉಗುರಿನಷ್ಟು ಜಾಗವನ್ನು ಹೊಸ ಬ್ಲೇಡಿನಿಂದ ನುಣ್ಣಗೆ ಹೆರೆದು, ಒಂದು ಹನಿ ನೀರು ಸವರಿ, 10 ಪಟ್ಟು ದೊಡ್ಡದಾಗಿ ತೋರಿಸುವ ಲೆನ್ಸಿನಲ್ಲಿ ನೋಡಿ.

ಅಲ್ಲೇ ಯಾಕೆ ಅಂದ್ರೆ, ಮರದೊಳಗೆ ನೀರು ಏರುವ ಕೊಳವೆಗಳು ಅಲ್ಲಿ ಸಣ್ಣ ತೂತುಗಳಾಗಿ ಕಾಣುತ್ತವೆ, ಅವುಗಳ ಜೋಡಣೆ ಮರದಿಂದ ಮರಕ್ಕೆ ಬೇರೆ, ಎಷ್ಟು ಹಳೆಯದಾದರೂ ಅದು ಬದಲಾಗುವುದಿಲ್ಲ. ತೇಗದಲ್ಲಿ ಪ್ರತಿ ವರ್ಷದ ಬಳೆ ಶುರುವಾಗುವ ಕಡೆ ದೊಡ್ಡ ತೂತುಗಳ ಸಾಲೇ ಇರುತ್ತದೆ. ಬೀಟೆಯಲ್ಲಿ ಸಾಲಿಲ್ಲ, ಚೆಲ್ಲಾಪಿಲ್ಲಿ.

ಬಣ್ಣ ಹಾಗಲ್ಲ, ಬೆಳಕಿಗೆ, ಗಾಳಿಗೆ ಬದಲಾಗುತ್ತದೆ. ಆಫ್ರಿಕಾದ ಪಡೌಕ್ ಕೊಯ್ದಾಗ ಕಣ್ಣು ಕುಕ್ಕುವ ಕಿತ್ತಳೆ ಕೆಂಪು, ಬರಬರುತ್ತಾ ಕಂದು. ದಕ್ಷಿಣ ಅಮೆರಿಕದ ಪರ್ಪಲ್‌ಹಾರ್ಟ್ ಕೊಯ್ದಾಗ ಮಂಕು, ಆಮೇಲೆ ನೇರಳೆ, ಕೊನೆಗೆ ಅದೂ ಕಂದೇ! ಮೇಲೆ ಗಾಢ ಪಾಲಿಶ್ ಬಿದ್ದರಂತೂ ಎಲ್ಲವೂ ಒಂದೇ, ಅಂಗಡಿಯವರು ಎಲ್ಲದಕ್ಕೂ 'ಸಾಗವಾನ್' (ತೇಗ) ಅಂತಾರೆ, ಸುಮ್ನೆ ಹೂಂ ಅನ್ನಿ. ಹಲಗೆಯ ಮೇಲಿನ ಗೆರೆಗಳು ಅಂಚಿನಲ್ಲಿ ಮುಂದುವರಿಯದೆ ನಿಂತುಬಿಟ್ಟರೆ ಅದು ತೆಳು ಪದರ ಅಂಟಿಸಿದ್ದು, ಅಂದ್ರೆ ವಿನಿಯರ್ ಇರಬಹುದು.

ರಿಪೇರಿ ಮಾಡ್ತೀರಾ? ತೇಗ, ಬೀಟೆಯಲ್ಲಿ ಎಣ್ಣೆ ಅಂಶ ಜಾಸ್ತಿ, ಅಂಟು ಸರಿಯಾಗಿ ಕಚ್ಚುವುದಿಲ್ಲ. ಎಣ್ಣೆ ಕರಗಿಸುವ ಅಸಿಟೋನ್ ದ್ರಾವಕ ಹಾಕಿದ ಬಟ್ಟೆಯಲ್ಲಿ ಒರೆಸಿ, ಆರಿದ ಕೂಡಲೇ ಅಂಟಿಸಿ. ತಡವಾದರೆ ಎಣ್ಣೆ ಮತ್ತೆ ಮೇಲೆ ಬರುತ್ತದೆ. ಉಜ್ಜುವಾಗ ಮಾಸ್ಕ್ ಬೇಕೇ ಬೇಕು, ಬೀಟೆಯ ಪುಡಿ ಕೆಲವರಿಗೆ ಅಲರ್ಜಿ ತರುತ್ತದೆ. ಪಡೌಕ್ ಪುಡಿಯಾದರೆ ಪಕ್ಕದ ಬಿಳಿ ಮರಕ್ಕೂ ಕೆಂಪು ಬಳಿದುಬಿಡುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸದೆ ವ್ಯಾಕ್ಯೂಮ್ ಹಾಕಿ.