ಪುತಳಿಗಿಂತ ಹಿರಿಯ ಬೆಳ್ಳಿ

ಪ್ರಶ್ನೆ: ನಮ್ಮಜ್ಜಿಯ ಪುತಳಿ ಸರದ ಬಿಲ್ಲೆಗಳ ಮೇಲೆ ಒಬ್ಬ ನಿಂತಿದ್ದಾನೆ, ಇನ್ನೊಬ್ಬ ಮಂಡಿಯೂರಿದ್ದಾನೆ, ನಡುವೆ ಬಾವುಟದ ಕೋಲು. ಇದು ವೆನಿಸ್‌ನ ಗುರುತು, ಅಲ್ಲಿಯವರು ಮೊದಲು ಟಂಕಿಸಿದ್ದು ಬೆಳ್ಳಿಯಲ್ಲಿ ಎಂದು ಓದಿದೆ. ಹಾಗಾದರೆ ನಮ್ಮವು ಬೆಳ್ಳಿಗೆ ಚಿನ್ನದ ನೀರು ಕೊಟ್ಟವೇ?
– ಓದುಗರೊಬ್ಬರು, ಕುಮಟಾ

ಉತ್ತರ: ಮಂಡಿಯೂರಿದವನನ್ನು ಗಮನಿಸಿ ಬರೆದಿರಲ್ಲ, ಉತ್ತರ ಅಲ್ಲೇ ಇದೆ. ಬೆಳ್ಳಿ ನಾಣ್ಯದಲ್ಲಿ ಇಬ್ಬರೂ ನಿಂತಿರುತ್ತಾರೆ: ಬಲಗಡೆಯ ಸಂತ ಮಾರ್ಕ್, ಎಡಗಡೆಯ ದೋಜ್‌ಗೆ, ಅಂದರೆ ವೆನಿಸ್ ಗಣರಾಜ್ಯದ ಮುಖ್ಯಸ್ಥನಿಗೆ, ಬಾವುಟ ಕೊಡುತ್ತಿರುತ್ತಾನೆ. ದೋಜ್ ಮಂಡಿಯೂರಿದ್ದು 1284ರಲ್ಲಿ ಬಂದ ಚಿನ್ನದ ಡುಕಾಟ್‌ನಲ್ಲಿ. ನಿಮ್ಮವು ಆ ಅಚ್ಚಿನವು. ಪುತಳಿ ಎಂಬ ಹೆಸರೂ ಆ ಬೊಂಬೆಗಳಿಂದಲೇ ಬಂದದ್ದು.

ಬೆಳ್ಳಿಯದರ ಹೆಸರು ಗ್ರೊಸ್ಸೊ, ಅಂದರೆ ದಪ್ಪನೆಯದು. ನನ್ನ ಬಳಿ ಒಂದಿದೆ. ನಮ್ಮ ಒಂದು ರೂಪಾಯಿಗಿಂತ ಕೊಂಚ ಚಿಕ್ಕದು, ತೂಕ 2 ಗ್ರಾಂ ಚಿಲ್ಲರೆ. ಇದನ್ನು ದಪ್ಪ ಎಂದು ಏಕೆ ಕರೆದರು ಎಂಬುದು ಅದಕ್ಕೂ ಮುಂಚಿನ ದೆನಾರೊ ನೋಡಿದರೆ ತಿಳಿಯುತ್ತದೆ. ಅದು ಅರ್ಧ ಗ್ರಾಂ ಕೂಡ ತೂಗದ ತಗಡು, ಅದರಲ್ಲೂ ಬೆಳ್ಳಿ ಸುಮಾರು ಕಾಲು ಭಾಗ, ಉಳಿದದ್ದು ತಾಮ್ರ. ತರಕಾರಿಗೆ ಸಾಕು, ಹಡಗಿನ ಲೆಕ್ಕಕ್ಕೆ ಸಾಲದು. 1192ರಿಂದ 1205ರವರೆಗೆ ದೋಜ್ ಆಗಿದ್ದ ಎನ್ರಿಕೊ ದಾಂಡೊಲೊ ಕಾಲದಲ್ಲಿ ಗ್ರೊಸ್ಸೊ ಬಂತು. ಒಂದಕ್ಕೆ ಇಪ್ಪತ್ತೈದು, ಇಪ್ಪತ್ತಾರು ದೆನಾರೊ. ನಾಲ್ಕನೆಯ ಧರ್ಮಯುದ್ಧಕ್ಕೆ ಹೊರಟ ಯುರೋಪಿನ ಕ್ರೈಸ್ತ ಯೋಧರನ್ನು ಹಡಗಿನಲ್ಲಿ ಸಾಗಿಸಲು ವೆನಿಸ್ 85,000 ಮಾರ್ಕ್ (ಆಗಿನ ಒಂದು ತೂಕದ ಅಳತೆ) ಬೆಳ್ಳಿಗೆ ಮಾತಾಡಿಕೊಂಡದ್ದೂ ಇವನ ಕಾಲದಲ್ಲೇ.

ಬೆಳ್ಳಿ ಬರುತ್ತಿದ್ದುದು ಆಲ್ಪ್ಸ್ ಆಚೆಯ ಗಣಿಗಳಿಂದ. ಹೋಗುತ್ತಿದ್ದುದು ಪೂರ್ವಕ್ಕೆ, ಮೆಣಸು ರೇಷ್ಮೆಗಳ ಬೆಲೆಯಾಗಿ.

ನನಗೆ ಈ ಗ್ರೊಸ್ಸೊದಲ್ಲಿ ಎಲ್ಲಕ್ಕಿಂತ ಪ್ರಿಯವಾದದ್ದು ಒಂದು ಚುಕ್ಕೆ. ಹಿಂಬದಿಯಲ್ಲಿ ಯೇಸು ಸಿಂಹಾಸನದಲ್ಲಿ ಕೂತಿದ್ದಾನೆ. ಭೂತಗನ್ನಡಿ ಹಿಡಿದರೆ ಅವನ ಪಾದದ ಬಳಿ ಸಾಸಿವೆಗಿಂತ ಸಣ್ಣ ಉಬ್ಬು ಕಾಣುತ್ತದೆ. ವರ್ಷಗಟ್ಟಲೆ ಅದನ್ನು ಅಚ್ಚಿನ ದೋಷ ಎಂದುಕೊಂಡಿದ್ದೆ. ಅದು ಟಂಕಸಾಲೆಯ ಅಧಿಕಾರಿಯ ಗುರುತು. ಹದಿಮೂರನೆಯ ಶತಮಾನದಲ್ಲಿ ಒಬ್ಬೊಬ್ಬರ ಸರದಿಗೆ ಒಂದೊಂದು ಜಾಗದಲ್ಲಿ ಇಂಥ ಗುರುತು ಇಡುತ್ತಿದ್ದರು. ತೂಕ ತಪ್ಪಿದರೆ, ಬೆಳ್ಳಿಯಲ್ಲಿ ಕಲಬೆರಕೆ ಸಿಕ್ಕರೆ, ಯಾರನ್ನು ಕೇಳಬೇಕು ಎಂಬುದು ನಾಣ್ಯದ ಮೇಲೇ ಇತ್ತು! ಬೆಳ್ಳಿಯ ಶುದ್ಧತೆ ನೂರಕ್ಕೆ 98ರ ಆಸುಪಾಸು. ಒಂದೂವರೆ ಶತಮಾನ ಅದನ್ನು ಇಳಿಸಲಿಲ್ಲ, ಚಿತ್ರವನ್ನೂ ಬದಲಿಸಲಿಲ್ಲ.

ಸೆರ್ಬಿಯಾದ ರಾಜರು ಹೆಚ್ಚುಕಡಿಮೆ ಅದೇ ಚಿತ್ರ ಹಾಕಿ, ಬೆಳ್ಳಿ ಕಡಿಮೆ ಮಾಡಿ ತಮ್ಮ ನಾಣ್ಯ ಹೊರಡಿಸಿದರು. ಕವಿ ದಾಂತೆ ತನ್ನ ಮಹಾಕಾವ್ಯದ ಸ್ವರ್ಗ ಭಾಗದಲ್ಲಿ ಕೆಟ್ಟ ರಾಜರನ್ನು ಹೆಸರಿಸುವಾಗ, ವೆನಿಸ್ ಅಚ್ಚನ್ನು ಕಂಡು ಕೆಟ್ಟವನೆಂದು ಆ ದೇಶದ ದೊರೆಯನ್ನೂ ಸೇರಿಸಿದ್ದಾನೆ.

ಈಗ ನಿಮ್ಮ ಸರಕ್ಕೆ ಬರೋಣ. ಅಸಲಿ ಡುಕಾಟ್ ಸುಮಾರು ಮೂರೂವರೆ ಗ್ರಾಂ, ಬಹುಪಾಲು ಅಪ್ಪಟ ಚಿನ್ನ. ಹಿಂಬದಿಯಲ್ಲಿ ಯೇಸು ನಕ್ಷತ್ರಗಳ ಅಂಡಾಕಾರದೊಳಗೆ ನಿಂತಿರುತ್ತಾನೆ. ಸಂತನ ಕಡೆ ಎಸ್, ಎಂ, ವೆನೆಟ್ ಎಂಬ ಲ್ಯಾಟಿನ್ ಅಕ್ಷರಗಳು, ಇನ್ನೊಂದು ಕಡೆ ದೋಜ್ ಹೆಸರು. ಅಕ್ಷರಗಳ ಜಾಗದಲ್ಲಿ ಬರೀ ಗೀಟುಗಳಿದ್ದರೆ ನಮ್ಮ ನಾಡಿನ ಅಕ್ಕಸಾಲಿಗರು ನೋಡಿ ಮಾಡಿದವು. ಹಾಗಾದರೂ ಅವು ಚಿನ್ನದವೇ ಇರಬಹುದು. ಕೊಂಡಿ ಬೆಸೆದ ಬಿಲ್ಲೆಯಾದರೆ ತೂಕದಲ್ಲಿ ಕೊಂಡಿಯನ್ನು ಕಳೆಯಿರಿ. ಅಕ್ಕಸಾಲಿಗರಿಗೆ ಕೊಡುವಾಗ ಒರೆಗೆ ಅಂಚನ್ನಷ್ಟೇ ಹಚ್ಚಲು ಹೇಳಿ. ಹೊಳಪು ಕೊಡಿಸಲು ಮಾತ್ರ ಹೋಗಬೇಡಿ, ಅಜ್ಜಿ ಧರಿಸಿ ಸವೆದ ಆ ಮುಖಗಳು ಹಾಗೆಯೇ ಇರಲಿ.